ಕಡೇ ಕಾಲಕ್ಕೆ ವರ್ಷ ಗೊತ್ತುಮಾಡುವ ಬೋಧಕರಿಗೆ ಒಂದು ಬಹಿರಂಗ ಪತ್ರ

ಕನ್ನಡ ಸಭೆಗಳ ಮಾನ್ಯ ಸಭಾಪಾಲಕರಿಗೆ, ಸುವಾರ್ತಿಕರಿಗೆ, ಸತ್ಯವೇದ ಬೋಧಕರಿಗೆ ಹಾಗೂ ಅವರನ್ನು ತಯಾರುಮಾಡುವ ದೈವಶಾಸ್ತ್ರ ಕಾಲೇಜುಗಳ ಪ್ರಾಂಶುಪಾಲರಿಗೆ,

ಕರ್ತನ ನಾಮದಲ್ಲಿ ವಂದನೆಗಳು.

ಒಂದು ಚಾರ್ಟಿನ ವಿಷಯವಾಗಿ ಈ ಪತ್ರ. ಅದು ನಿಮಗೆಲ್ಲ ಪರಿಚಯದ್ದೇ. ಉಜ್ಜೀವನ ಕೂಟಗಳಲ್ಲಿ ಫ್ಲೆಕ್ಸ್ ಆಗಿ ವೇದಿಕೆಯ ಹಿಂದೆ ತೂಗುತ್ತದೆ, ಮೊಬೈಲಿನಲ್ಲಿ ಫಾರ್ವರ್ಡ್ ಆಗಿ ಮನೆಮನೆಗೆ ಬರುತ್ತದೆ. ಎಡತುದಿಯಲ್ಲಿ ಆದಾಮ, ಬಲತುದಿಯಲ್ಲಿ ಹೊಸ ಯೆರೂಸಲೇಮ್. ನಡುವೆ ದಾನಿಯೇಲನ ಎಪ್ಪತ್ತು ವಾರ, ಪ್ರಕಟನೆಯ 1260 ದಿನ, 42 ತಿಂಗಳು. ಕೊನೆಗೆ ಕೆಂಪು ಅಕ್ಷರದಲ್ಲಿ ಒಂದು ವರ್ಷ. ಈಗ ಹೆಚ್ಚು ಓಡಾಡುತ್ತಿರುವ ಚಾರ್ಟುಗಳಲ್ಲಿ ಆ ವರ್ಷ 2028 ಅಥವಾ 2033.

ಕರ್ತನ ಎರಡನೇ ಬರೋಣವನ್ನು ನಂಬಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ದಾನಿಯೇಲನ ಗ್ರಂಥವನ್ನೂ ಪ್ರಕಟನೆಯನ್ನೂ ಸಭೆಯಲ್ಲಿ ತೆರೆಯಲೇಬಾರದು ಎಂಬುದು ನನ್ನ ವಾದವಲ್ಲ. ತೆರೆಯದೆ ಬಿಟ್ಟದ್ದರಿಂದಲೇ ಈ ಚಾರ್ಟುಗಳಿಗೆ ಇಷ್ಟು ಜಾಗ ಸಿಕ್ಕಿದೆ. ನನ್ನ ದೂರು ಇಷ್ಟೇ: ಸಭೆಯ ಮುಂದೆ ಉತ್ತರ ಇಡುತ್ತೀರಿ, ಲೆಕ್ಕ ಇಡುವುದಿಲ್ಲ. ಆ ಉತ್ತರಕ್ಕೆ ಬರುವ ದಾರಿಯಲ್ಲಿ ಕನಿಷ್ಠ ನಾಲ್ಕು ಕಡೆ ಮನುಷ್ಯನೇ ಆಯ್ಕೆ ಮಾಡಬೇಕು. ಆ ನಾಲ್ಕನ್ನೂ ಮರೆಮಾಡಿ ಐದನೆಯದಾಗಿ ಬಂದ ವರ್ಷವನ್ನು ದೇವರ ವಾಕ್ಯ ಎಂದು ಕರೆಯುತ್ತೀರಿ. ಕೇಳುವವರು ಅದನ್ನು ನಂಬಿ ಮನೆಗೆ ಹೋಗುತ್ತಾರೆ. ಮಗನನ್ನು ಬಿ.ಎಡ್.ಗೆ ಸೇರಿಸುವುದೋ ಬೇಡವೋ, ಸೈಟಿಗೆ ಸಾಲ ಮಾಡುವುದೋ ಬೇಡವೋ ಎಂಬ ಮಾತಿನಲ್ಲಿ ಆ ಕೆಂಪು ಅಕ್ಷರದ ವರ್ಷವೂ ಬಂದು ಕೂರುತ್ತದೆ.

ಮೊದಲು ವಚನಗಳನ್ನೇ ನೋಡೋಣ. ದಾನಿಯೇಲ 7:25ರಲ್ಲೂ 12:7ರಲ್ಲೂ ಪ್ರಕಟನೆ 12:14ರಲ್ಲೂ “ಒಂದುಕಾಲ ಎರಡುಕಾಲ ಅರ್ಧಕಾಲ” ಇದೆ. ಪ್ರಕಟನೆ 11:2 ಮತ್ತು 13:5ರಲ್ಲಿ 42 ತಿಂಗಳು, 11:3 ಮತ್ತು 12:6ರಲ್ಲಿ 1260 ದಿನ. ದಾನಿಯೇಲ 8:14ರಲ್ಲಿ 2300 ಸಂಜೆ-ಮುಂಜಾನೆಗಳು, 9ನೇ ಅಧ್ಯಾಯದಲ್ಲಿ 70 ವಾರ, 12:11-12ರಲ್ಲಿ 1290 ಮತ್ತು 1335 ದಿನ. ಇವುಗಳಲ್ಲಿ ಯಾವುದರ ಪಕ್ಕದಲ್ಲೂ ಕ್ರಿ.ಶ. ಎಂದು ಬರೆದಿಲ್ಲ.

ಕನ್ನಡ ಅನುವಾದ ಓದುವಾಗ ಒಂದೆರಡು ಮಾತು ನಮ್ಮ ಕಣ್ಣು ತಪ್ಪಿಸುತ್ತವೆ. ದಾನಿಯೇಲ 7 ಇರುವುದು ಅರಾಮಿಕ್ ಭಾಷೆಯಲ್ಲಿ. ಅಲ್ಲಿಯ ಪದ “ಇದ್ದಾನ್”, ಅಂದರೆ ಒಂದು ಕಾಲ, ಒಂದು ಅವಧಿ. ಎರಡನೆಯ ಸಲ ಅದು ಬಹುವಚನದಲ್ಲಿದೆ: ಕಾಲಗಳು. ಬಹುವಚನವನ್ನು ದ್ವಿವಚನವಾಗಿ ಓದಿ “ಎರಡುಕಾಲ” ಎಂದು ನಮ್ಮ ಅನುವಾದಕರು ತೀರ್ಮಾನಿಸಿದರು. ಪ್ರಕಟನೆಯ 1260 ದಿನದ ಜೊತೆ ಇಟ್ಟು ನೋಡಿದರೆ ಅದು ಒಪ್ಪುವ ಓದೇ. ಆದರೂ ಅದು ಓದು ಎಂಬುದು ಬೋಧಕನಿಗೆ ಗೊತ್ತಿರಬೇಕು. ಹಾಗೆಯೇ 9ನೇ ಅಧ್ಯಾಯದ “ವಾರ”. ಹೀಬ್ರೂ ಪದದ ಅರ್ಥ ಏಳರ ಗುಂಪು, ಏಳು ದಿನವೇ ಆಗಬೇಕೆಂದಿಲ್ಲ. ಮುಂದಿನ ಅಧ್ಯಾಯದಲ್ಲಿ (10:2) ದಾನಿಯೇಲನು ಮೂರು ವಾರ ದುಃಖಿಸಿದಾಗ ಅದೇ ಪದಕ್ಕೆ “ದಿನಗಳ” ಎಂಬ ಮಾತು ಸೇರಿಸಿ ಬರೆದಿದೆ. 9ರಲ್ಲಿ ಆ ಮಾತಿಲ್ಲ. ಅಧ್ಯಾಯ ಶುರುವಾಗುವುದು ಯೆರೆಮೀಯನು ಹೇಳಿದ 70 ವರ್ಷದಿಂದ. ಆದ್ದರಿಂದ ಎಪ್ಪತ್ತು ಏಳುಗಳು ಅಂದರೆ 490 ವರ್ಷ ಎಂದು ಓದಲು ದಿನವನ್ನು ವರ್ಷಕ್ಕೆ ಬದಲಿಸುವ ಯಾವ ಸೂತ್ರವೂ ಬೇಕಿಲ್ಲ. “ವಾರ ಅಂದರೆ ಏಳು ದಿನ, ಇಲ್ಲಿ ದಿನ ಅಂದರೆ ವರ್ಷ, ಹಾಗಾಗಿ ಎಲ್ಲ ಕಡೆಯೂ ದಿನ ಅಂದರೆ ವರ್ಷ” ಎಂದು ಈ ಅಧ್ಯಾಯದ ಹೆಗಲ ಮೇಲೆ ನಿಲ್ಲಿಸಿದ ಬೋಧನೆಗೆ ಇಲ್ಲೇ ಬುಡ ಅಲುಗುತ್ತದೆ.

ದಿನಕ್ಕೆ ವರ್ಷ ಎಂಬುದಕ್ಕೆ ಕೊಡುವ ಇನ್ನೆರಡು ಆಧಾರಗಳು ಅರಣ್ಯಕಾಂಡ 14:34 ಮತ್ತು ಯೆಹೆಜ್ಕೇಲ 4:4-6. ಎರಡನ್ನೂ ಅಕ್ಕಪಕ್ಕ ಇಟ್ಟು ನಿಧಾನವಾಗಿ ಓದಿ. ಅರಣ್ಯಕಾಂಡದಲ್ಲಿ ಗೂಢಚಾರರು ದೇಶ ನೋಡಿದ್ದು 40 ದಿನ, ಶಿಕ್ಷೆ 40 ವರ್ಷ. ದಿನ ಮೊದಲು, ವರ್ಷ ಆಮೇಲೆ. ಯೆಹೆಜ್ಕೇಲನಲ್ಲಿ ಇದು ತಿರುಗುಮುರುಗು: ಅಪರಾಧದ ವರ್ಷಗಳು ಮೊದಲು, ಅವಕ್ಕೆ ಬದಲಾಗಿ ಪ್ರವಾದಿ ಮಗ್ಗುಲಾಗಿ ಮಲಗಬೇಕಾದ ದಿನಗಳು (390 ಮತ್ತು 40) ಆಮೇಲೆ. ಎರಡೂ ಕಡೆ ಬದಲಿಸುವಿಕೆಯನ್ನು ದೇವರೇ ಬಾಯಿಬಿಟ್ಟು ಹೇಳುತ್ತಾನೆ. ಪ್ರಕಟನೆ 11-13ರಲ್ಲಿ ಅಂಥ ಮಾತು ಒಂದೂ ಇಲ್ಲ. ಸೂತ್ರ ಸರಿಯೆಂದೇ ಇಟ್ಟುಕೊಂಡರೂ ಅದನ್ನು ಎಲ್ಲ ಕಡೆ ಹಾಕಬೇಕಲ್ಲವೇ? ಹಾಕಿದರೆ 20ನೇ ಅಧ್ಯಾಯದ ಸಾವಿರ ವರ್ಷ 3,60,000 ವರ್ಷವಾಗುತ್ತದೆ. ಹಾಗೆ ಬೋಧಿಸುವವರನ್ನು ಕಾಣೆ. 1260ಕ್ಕೆ ಸೂತ್ರ ಹಾಕಿ ಸಾವಿರಕ್ಕೆ ಹಾಕದೆ ಬಿಡುವುದು ಬೋಧಕನ ಆಯ್ಕೆ. ಆಯ್ಕೆಯೆಂದೇ ಹೇಳಿ.

ಇನ್ನು 42 ತಿಂಗಳು. ಇದು ನಮಗೆ ಉಳಿದವರಿಗಿಂತ ಬೇಗ ಅರ್ಥವಾಗಬೇಕು, ಏಕೆಂದರೆ ನಮ್ಮ ಪಂಚಾಂಗಕ್ಕೂ ಅಧಿಕ ಮಾಸ ಇದೆ. ಯೆಹೂದ್ಯರ ತಿಂಗಳೂ ಚಂದ್ರನನ್ನು ಹಿಡಿದು ನಡೆಯುವಂಥದ್ದು, ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ತಿಂಗಳಿಗೆ 354 ದಿನ ಆಗುವುದರಿಂದ 19 ವರ್ಷಕ್ಕೆ 7 ಅಧಿಕ ಮಾಸ ಸೇರಿಸಿ ಋತುವಿಗೆ ಹೊಂದಿಸುತ್ತಾರೆ. ಈ ಲೆಕ್ಕದಲ್ಲಿ ನಿಜವಾದ 42 ಚಾಂದ್ರಮಾಸ ಅಂದರೆ 1240 ದಿನ. ನಿಜವಾದ ಮೂರೂವರೆ ಸೌರವರ್ಷ ಅಂದರೆ 1278 ದಿನ. ಆ ಮೂರೂವರೆ ವರ್ಷದಲ್ಲಿ ಅಧಿಕ ಮಾಸ ಬಿದ್ದೇ ಬೀಳುವುದರಿಂದ ತಿಂಗಳುಗಳು 43ಕ್ಕೆ ಕಡಿಮೆಯಿಲ್ಲ. 42 ತಿಂಗಳು, 1260 ದಿನ, ಮೂರೂವರೆ ಕಾಲ ಮೂರೂ ಸಮವಾಗುವುದು ತಿಂಗಳಿಗೆ ನೆಟ್ಟಗೆ 30 ದಿನ ಹಿಡಿದಾಗ ಮಾತ್ರ. ಅಂಥ ವರ್ಷವನ್ನು ಯೆರೂಸಲೇಮಿನಲ್ಲಿ ಯಾರೂ ಬಾಳಲಿಲ್ಲ. ಇದು ದುಂಡಾಗಿಸಿದ ಸಂಖ್ಯೆ, ಏಳರ ಅರ್ಧ. ಅದನ್ನು ಕ್ಯಾಲೆಂಡರಿನ ಮೇಲಿಟ್ಟು ತಾರೀಖು ಹುಡುಕಿದ ಕೂಡಲೇ ಅದು ಅಲ್ಲಾಡುತ್ತದೆ.

ಆದಿಕಾಂಡ 7 ಮತ್ತು 8ರಲ್ಲಿ ಎರಡನೆಯ ತಿಂಗಳ 17ರಿಂದ ಏಳನೆಯ ತಿಂಗಳ 17ರವರೆಗೆ ಐದು ತಿಂಗಳಿಗೆ 150 ದಿನ ಹೇಳಿರುವುದನ್ನು ತೋರಿಸಿ “ಪ್ರವಾದನೆಯ ವರ್ಷ 360 ದಿನ” ಎನ್ನುತ್ತೀರಿ. ಈ 360ನ್ನು ಬಳಸಿ ಮಾಡಿದ ಅತಿ ಪ್ರಸಿದ್ಧ ಲೆಕ್ಕ ಬ್ರಿಟನ್ನಿನ ಲೇಖಕ ಸರ್ ರಾಬರ್ಟ್ ಆಂಡರ್ಸನ್ ಅವರದು. ನಮ್ಮ ಅನೇಕ ಕೂಟಗಳಲ್ಲಿ ಹೆಸರಿಲ್ಲದೆ ಹಂಚಿಕೆಯಾಗುತ್ತಿರುವುದೂ ಅದೇ. ಅವರು ಅಭಿಷಿಕ್ತನು ಬರುವವರೆಗೆ ದಾನಿಯೇಲ 9:25 ಹೇಳುವ 7 ಮತ್ತು 62, ಒಟ್ಟು 69 ವಾರವನ್ನು 483 ವರ್ಷ ಮಾಡಿ, 360ರಿಂದ ಗುಣಿಸಿ 1,73,880 ದಿನ ಪಡೆದರು. ಕ್ರಿ.ಪೂ. 445ರ ಮಾರ್ಚ್ 14ರಿಂದ ಹೊರಟು ಕ್ರಿ.ಶ. 32ರ ಏಪ್ರಿಲ್ 6ಕ್ಕೆ, ಅಂದರೆ ಕರ್ತನು ಕತ್ತೆಯ ಮೇಲೆ ಯೆರೂಸಲೇಮಿಗೆ ಬಂದ ದಿನಕ್ಕೆ, ತಂದು ನಿಲ್ಲಿಸಿದರು. ಗುಣಾಕಾರದಲ್ಲಿ ತಪ್ಪಿಲ್ಲ. ತೊಂದರೆ ಇರುವುದು ಬೇರೆ ಕಡೆ. 1,73,880 ದಿನ ಅಂದರೆ ಭೂಮಿಯ ಮೇಲೆ 476 ವರ್ಷ. 483ರಲ್ಲಿ ಏಳು ವರ್ಷ ಎಲ್ಲಿ ಹೋಯಿತು? 360 ದಿನದ ವರ್ಷ ನಿಜಕ್ಕೂ ನಡೆದಿದ್ದರೆ ವರ್ಷಕ್ಕೆ ಐದೂಕಾಲು ದಿನದಂತೆ ಹಬ್ಬಗಳು ಹಿಂದೆ ಸರಿದು, 35 ವರ್ಷದಲ್ಲಿ ಪಸ್ಕಹಬ್ಬ ಆರು ತಿಂಗಳು ಆಚೆಗೆ ಬೀಳುತ್ತಿತ್ತು. ಆದರೆ ಪಸ್ಕಕ್ಕೆ ಹೊಲದಲ್ಲಿ ಜವೆಗೋದಿ ತೆನೆ ಬಲಿತಿರಬೇಕು. ಪ್ರಥಮ ಫಲದ ಸಿವುಡು ಅರ್ಪಿಸಬೇಕಾದ ಯಾಜಕ ಅಂಥ ಕ್ಯಾಲೆಂಡರನ್ನು ಹತ್ತು ವರ್ಷವೂ ನಡೆಸಲಾರ. ಮೇಲಾಗಿ, ಶಿಲುಬೆಯ ವರ್ಷವಾಗಿ ಕ್ರಿ.ಶ. 32ಕ್ಕಿಂತ 30 ಅಥವಾ 33ನ್ನೇ ಬಹುತೇಕ ವಿದ್ವಾಂಸರು ಒಪ್ಪುತ್ತಾರೆ, ಚಂದ್ರನ ಲೆಕ್ಕಕ್ಕೆ ಶುಕ್ರವಾರ ಹೊಂದುವುದು ಆ ವರ್ಷಗಳಲ್ಲಿ. ಇದನ್ನು ಕಂಡೇ ಹೆರಾಲ್ಡ್ ಹೋಹ್ನರ್ 1977ರಲ್ಲಿ ಲೆಕ್ಕವನ್ನು ತಿದ್ದಿ ಕ್ರಿ.ಪೂ. 444ರಿಂದ ಕ್ರಿ.ಶ. 33ಕ್ಕೆ ಒಯ್ದರು. ಆರಂಭವೂ ಬದಲಾಯಿತು, ಅಂತ್ಯವೂ ಬದಲಾಯಿತು, 1,73,880 ಮಾತ್ರ ಹಾಗೆಯೇ ಉಳಿಯಿತು.

ಆರಂಭದ ವಿಷಯವೇ ಎಲ್ಲಕ್ಕಿಂತ ದೊಡ್ಡದು. “ಯೆರೂಸಲೇಮು ತಿರಿಗಿ ಕಟ್ಟಲ್ಪಡಲಿ ಎಂಬ ಮಾತು ಹೊರಟಂದಿನಿಂದ” ಎಣಿಸಬೇಕು ಎನ್ನುವುದು ದಾನಿಯೇಲ 9:25ರ ತಾತ್ಪರ್ಯ. ಅಂಥ ಮಾತು ಹೊರಟದ್ದು ಒಂದು ಸಲವಲ್ಲ. ಎಲ್ಲವೂ ಪಾರಸಿಯ ಅರಸರವು. ಕೋರೆಷನದು ಕ್ರಿ.ಪೂ. 538 (ಎಜ್ರ 1). ದಾರ್ಯಾವೆಷನದು ಸುಮಾರು 520 (ಎಜ್ರ 6). ಅರ್ತಷಸ್ತನ ಏಳನೆಯ ವರ್ಷದ್ದು 458 ಅಥವಾ 457 (ಎಜ್ರ 7). ಅವನ ಇಪ್ಪತ್ತನೆಯ ವರ್ಷದ್ದು 445 ಅಥವಾ 444 (ನೆಹೆಮೀಯ 2). ದಯವಿಟ್ಟು ಒಂದು ಭಾನುವಾರ ಸಭೆಯ ಯುವಕರ ಕೈಗೆ ಸೀಮೆಸುಣ್ಣ ಕೊಟ್ಟು, ನಾಲ್ಕಕ್ಕೂ 483 ಸಾಧಾರಣ ವರ್ಷ ಸೇರಿಸಲು ಹೇಳಿ. 538ರಿಂದ ಹೊರಟರೆ ಕ್ರಿ.ಪೂ. 55ಕ್ಕೆ ನಿಲ್ಲುತ್ತದೆ. 520ರಿಂದ ಕ್ರಿ.ಪೂ. 37. 457ರಿಂದ ಕ್ರಿ.ಶ. 27, ಕರ್ತನ ದೀಕ್ಷಾಸ್ನಾನದ ಆಸುಪಾಸು. 444ರಿಂದ ಕ್ರಿ.ಶ. 40, ಶಿಲುಬೆಯಾಗಿ ಎಷ್ಟೋ ವರ್ಷ ಕಳೆದ ಮೇಲೆ. 457 ಹಿಡಿದವರಿಗೆ ಸೌರವರ್ಷ ಹಿಡಿಸುತ್ತದೆ, 444 ಹಿಡಿದವರಿಗೆ 360 ಬೇಕೇ ಬೇಕಾಗುತ್ತದೆ. ಯಾಕೆ ಎಂಬುದು ಬೋರ್ಡಿನ ಮೇಲೆ ಕಣ್ಣಿಗೇ ಕಾಣುತ್ತದೆ. ದಾನಿಯೇಲನ ಮಾತನ್ನು ಯೆರೂಸಲೇಮಿನ ದೇವಾಲಯ ಕೆಡಿಸಿದ ಅಂತಿಯೋಕಸ್ ಎಪಿಫನೆಸ್ ಎಂಬ ಅರಸನ ಕಾಲಕ್ಕೆ ಓದುವ ವಿದ್ವಾಂಸರಿಗೂ ಲೆಕ್ಕ ಪೂರಾ ಕೂಡುವುದಿಲ್ಲ. ಮೊದಲ ಏಳು ವಾರ ಚೆನ್ನಾಗಿ ಕೂಡುತ್ತದೆ: ಯೆರೂಸಲೇಮ್ ಬಿದ್ದ 587ರಿಂದ ಕೋರೆಷನ 538ಕ್ಕೆ ಸರಿಯಾಗಿ 49 ವರ್ಷ. ಆದರೆ ಅಲ್ಲಿಂದ 62 ವಾರ, ಅಂದರೆ 434 ವರ್ಷ, ಎಣಿಸಿದರೆ ಕ್ರಿ.ಪೂ. 104ಕ್ಕೆ ಹೋಗಿ, ಅವರಿಗೆ ಬೇಕಾದ, ಅಂತಿಯೋಕಸನ ಆಳ್ವಿಕೆಯೊಳಗಿನ 171ನ್ನು ದಾಟಿಬಿಡುತ್ತದೆ. ಹೀಗೆ ಎಲ್ಲ ಓದಿಗೂ ಒಂದು ಕಡೆ ಹೊಲಿಗೆ ಬಿಡುತ್ತದೆ. ಅದನ್ನು ತೋರಿಸಿದರೆ ವಿಶ್ವಾಸಿಗಳ ನಂಬಿಕೆ ಕೆಡುವುದಿಲ್ಲ, ಮುಚ್ಚಿಟ್ಟದ್ದು ಮುಂದೊಂದು ದಿನ ಗೊತ್ತಾದಾಗ ಕೆಡುತ್ತದೆ.

ಸಣ್ಣದಾಗಿ ಕಂಡರೂ ದೊಡ್ಡ ಅನಾಹುತ ಮಾಡಿದ್ದು ಸೊನ್ನೆಯ ವರ್ಷ. ಕ್ರಿ.ಪೂ. 1 ಮುಗಿದ ಮರುದಿನವೇ ಕ್ರಿ.ಶ. 1, ನಡುವೆ ಸೊನ್ನೆ ಇಲ್ಲ. ಕ್ರಿ.ಪೂ.ದಿಂದ ಕ್ರಿ.ಶ.ಕ್ಕೆ ದಾಟುವ ಪ್ರತಿ ಲೆಕ್ಕದಲ್ಲೂ ಒಂದು ವರ್ಷ ಸೇರಿಸಬೇಕು. ಅಮೆರಿಕದ ರೈತ ಬೋಧಕ ವಿಲಿಯಂ ಮಿಲ್ಲರ್ ದಾನಿಯೇಲ 8:14ರ 2300ನ್ನು ವರ್ಷಗಳೆಂದು ಹಿಡಿದು, ಅದರಲ್ಲಿ 457 ಕಳೆದು 1843 ಪಡೆದರು. 1843ರ ಮಾರ್ಚ್ 21ರಿಂದ 1844ರ ಮಾರ್ಚ್ 21ರೊಳಗೆ ಕರ್ತನು ಬರುವನೆಂದು ಬೋಧಿಸಿದರು. ಅವಧಿ ದಾಟಿತು. ಸೊನ್ನೆಯ ತಪ್ಪು ಆಗ ಕಣ್ಣಿಗೆ ಬಿತ್ತು. ಲೆಕ್ಕ ತಿದ್ದಿದಾಗ, ದೋಷಪರಿಹಾರಕ ದಿನದ ಎಣಿಕೆಯೂ ಸೇರಿ, 1844ರ ಅಕ್ಟೋಬರ್ 22 ಬಂತು. ಕೆಲವು ರೈತರು ಆ ಶರತ್ಕಾಲದಲ್ಲಿ ಬೆಳೆ ಕೊಯ್ಯದೆ ಹೊಲದಲ್ಲೇ ಬಿಟ್ಟರು. ಅಕ್ಟೋಬರ್ 23ರ ಬೆಳಗಾಯಿತು. ಚರಿತ್ರೆಯಲ್ಲಿ ಅದಕ್ಕೆ ಮಹಾ ನಿರಾಶೆ ಎಂದೇ ಹೆಸರು. ಮಿಲ್ಲರ್ ತಮ್ಮ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು, ಅದನ್ನು ಗೌರವದಿಂದಲೇ ನೆನೆಯಬೇಕು.

ಇದೇ ಸೊನ್ನೆ ಇನ್ನೊಂದು ಕಡೆ ಬೇರೆ ರೀತಿ ಆಡಿತು. ದಾನಿಯೇಲ 4ರ ಏಳು ಕಾಲವನ್ನು 7 × 360 = 2520 ವರ್ಷ ಮಾಡಿ, ಕ್ರಿ.ಪೂ. 606ರಿಂದ 1914ಕ್ಕೆ ಬಂದ ಲೆಕ್ಕ ಯೆಹೋವನ ಸಾಕ್ಷಿಗಳದು. ಸೊನ್ನೆಯ ತಪ್ಪು ತಿಳಿದ ಮೇಲೆ 1914 ಕದಲಲಿಲ್ಲ, ಯೆರೂಸಲೇಮ್ ಬಿದ್ದ ವರ್ಷವೆಂದು ಹಿಡಿದ 606 ಇದ್ದದ್ದು 607 ಆಯಿತು. ಯೆರೂಸಲೇಮ್ ಬಿದ್ದದ್ದು ಕ್ರಿ.ಪೂ. 587 ಅಥವಾ 586ರಲ್ಲಿ ಎಂಬುದಕ್ಕೆ ಬಾಬೆಲಿನ ದಾಖಲೆಗಳೇ ಆಧಾರ. ನೆಬೂಕದ್ನೆಚ್ಚರನ 37ನೆಯ ವರ್ಷದ ಗ್ರಹಗತಿಗಳನ್ನು ಬರೆದಿಟ್ಟ ಮಣ್ಣಿನ ಹಲಗೆಯೊಂದಿದೆ, ಆ ಆಕಾಶ ಕ್ರಿ.ಪೂ. 568-567ಕ್ಕೆ ಹೊಂದುತ್ತದೆ. ಅದಕ್ಕೂ ಮಿಗಿಲಾಗಿ, ಆ ಏಳು ಕಾಲ ಯಾರಿಗೆ ಎಂಬುದನ್ನು ದಾನಿಯೇಲ 4:28 ನೇರವಾಗಿ ಹೇಳುತ್ತದೆ: ಇದೆಲ್ಲ ಅರಸನಾದ ನೆಬೂಕದ್ನೆಚ್ಚರನಿಗೆ ಸಂಭವಿಸಿತು ಎಂದು.

ಅಂತ್ಯ ಮೊದಲೇ ಸಿಕ್ಕಿ ಆರಂಭವನ್ನು ಆಮೇಲೆ ಹುಡುಕುವುದು ಈ ವಿದ್ಯೆಯ ಹಳೆಯ ರೋಗ. ಗಣಿತದ ಪುಸ್ತಕದ ಕೊನೆಯಲ್ಲಿ ಉತ್ತರ ನೋಡಿಕೊಂಡು ಲೆಕ್ಕ ಬರೆದ ಹಾಗೆ. 1798ರ ಫೆಬ್ರವರಿಯಲ್ಲಿ ಫ್ರೆಂಚ್ ಸೇನಾಪತಿ ಬೆರ್ತಿಯೆ ರೋಮ್ ಹಿಡಿದು ಆರನೇ ಪಯಸ್ ಪೋಪರನ್ನು ಸೆರೆ ಒಯ್ದಾಗ, 1260 ದಿನವನ್ನು ಪೋಪರ ಆಳ್ವಿಕೆಯ 1260 ವರ್ಷವೆಂದು ಓದುವವರು ಅದರಿಂದ 1260 ಕಳೆದು 538 ಎಂದರು. 538ರಲ್ಲಿ ಆದದ್ದೇನು? ಗೋಥರು ರೋಮಿಗೆ ಹಾಕಿದ್ದ ಮುತ್ತಿಗೆ ತೆಗೆದರು. ಅದನ್ನೇ ಪೋಪರ ಆಳ್ವಿಕೆಯ ಆರಂಭ ಎಂದು ಕರೆದರು. ಜಸ್ಟಿನಿಯನ್ ಚಕ್ರವರ್ತಿಯ 533ರ ಪತ್ರದಿಂದ ಹೊರಟವರಿಗೆ 1793 ಬಂತು, ಕ್ರಿ.ಶ. 606 ಹಿಡಿದವರಿಗೆ 1866. ಐಸಾಕ್ ನ್ಯೂಟನ್ ತಮ್ಮ ಹಸ್ತಪ್ರತಿಯಲ್ಲಿ ಕ್ರಿ.ಶ. 800ನ್ನು ಹಿಡಿದು 2060 ಎಂದರು. ನ್ಯೂಟನ್ನರೂ ಲೆಕ್ಕ ಹಾಕಿದ್ದಾರಲ್ಲ ಎಂದು ಈಗ ಅವರನ್ನು ಸಾಕ್ಷಿಗೆ ಕರೆಯುವವರಿದ್ದಾರೆ. ಅವರು ಅಲ್ಲೇ ಬರೆದಿರುವುದು, ತಾನು ಅಂತ್ಯದ ಕಾಲ ಸ್ಥಾಪಿಸಲು ಹೊರಟಿಲ್ಲ, ಪದೇಪದೇ ದಿನ ಗೊತ್ತುಮಾಡಿ ಪ್ರವಾದನೆಗೆ ಕೆಟ್ಟ ಹೆಸರು ತರುವವರ ಬಾಯಿ ಕಟ್ಟಲು ಎಂದು. ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರ್ 1688 ಮತ್ತು 1700ರ ನಡುವೆ ಎಂದಿದ್ದರು. ಗಣಿತ ಬಾರದೆ ಇವರು ಯಾರೂ ತಪ್ಪಲಿಲ್ಲ.

ವ್ಯಾಕರಣ ತಪ್ಪಿದ್ದಕ್ಕೂ ಒಂದು ಉದಾಹರಣೆ ಬೇಕು. ಪ್ರಕಟನೆ 9:15ರಲ್ಲಿ ಗಳಿಗೆ, ದಿನ, ತಿಂಗಳು, ವರ್ಷ ಬರುತ್ತದೆ. ಗ್ರೀಕ್ ಮೂಲದಲ್ಲಿ ಅದರ ಅರ್ಥ ಗೊತ್ತುಮಾಡಿದ ಆ ಗಳಿಗೆಗೆ ಸಿದ್ಧರಾಗಿದ್ದ ದೂತರು ಎಂದು, ಅದು ಕಾಲದ ಉದ್ದವಲ್ಲ. ಜೋಸಾಯಾ ಲಿಚ್ ಎಂಬವರು ಅದನ್ನು ಉದ್ದ ಮಾಡಿದರು: ವರ್ಷಕ್ಕೆ 360, ತಿಂಗಳಿಗೆ 30, ದಿನಕ್ಕೆ 1, ಒಟ್ಟು 391 ವರ್ಷ. ಗಳಿಗೆಗೆ, ಅಂದರೆ ಗಂಟೆಗೆ, 360ರ ಇಪ್ಪತ್ತನಾಲ್ಕನೆಯ ಒಂದು ಭಾಗ, 15 ದಿನ. 1840ರ ಆಗಸ್ಟ್ 11ಕ್ಕೆ ಆಟೊಮನ್ ಸಾಮ್ರಾಜ್ಯ ಬೀಳುತ್ತದೆಂದರು. ಅದು 1922ರವರೆಗೆ ಇತ್ತು.

ಈಗ ನಮ್ಮ 2028ಕ್ಕೆ ಬರೋಣ. ಮತ್ತಾಯ 24ರ ಅಂಜೂರದ ಮರ ಇಸ್ರಾಯೇಲ್, ಅದು ಚಿಗುರಿದ್ದು 1948ರ ಮೇ 14ರಂದು, “ಈ ಸಂತತಿ” ಅಳಿಯುವುದರೊಳಗೆ ಎಲ್ಲ ಆಗುತ್ತದೆ ಎನ್ನುವುದು ಇದರ ಅಡಿಪಾಯ. ಸಂತತಿಗೆ ಮೊದಲು 40 ವರ್ಷ ಹಿಡಿದರು, 1988 ಬಂತು. ಆ ಸೆಪ್ಟೆಂಬರಿಗೆ ಸಭೆ ಎತ್ತಲ್ಪಡುತ್ತದೆಂದು ಎಡ್ಗರ್ ವೈಸೆನಂಟ್ 88 ಕಾರಣ ಕೊಟ್ಟರು. ಅದು ದಾಟಿದ ಮೇಲೆ 40 ಬಿಟ್ಟು 70 ಹಿಡಿದರು, 2018 ಬಂತು. ಅದೂ ದಾಟಿತು. ಈಗ ಕೀರ್ತನೆ 90:10ರ 80. ಆ ಕೀರ್ತನೆ ಹೇಳುವುದು ಮನುಷ್ಯನ ಆಯುಸ್ಸನ್ನು, ಸಂತತಿಯ ಉದ್ದವನ್ನಲ್ಲ. ಇನ್ನೂ ಒಂದು ಮಾತು. ಇದೇ ಚಾರ್ಟಿನಲ್ಲಿ ಬರೋಣಕ್ಕೆ ಮುಂಚೆ ಏಳು ವರ್ಷದ ಮಹಾ ಸಂಕಟ ಕಾಲ, ಅದಕ್ಕೂ ಮುಂಚೆ ಸಭೆ ಎತ್ತಲ್ಪಡುವುದು ಇದ್ದರೆ, 2028ರಲ್ಲಿ 7 ಕಳೆದು 2021 ಆಗಬೇಕು. ಅದು ದಾಟಿಹೋಗಿದೆ. ಚಾರ್ಟು ಮಾತ್ರ ಇಳಿದಿಲ್ಲ.

2033ರದು 2 ಪೇತ್ರ 3:8. ಒಂದು ದಿನ ಸಾವಿರ ವರ್ಷ, ಹಾಗಾಗಿ ಹೋಶೇಯ 6:2ರ ಎರಡು ದಿನ ಎರಡು ಸಾವಿರ ವರ್ಷ, ಕ್ರಿ.ಶ. 33ಕ್ಕೆ ಸೇರಿಸಿ ಎನ್ನುತ್ತೀರಿ. ಪೇತ್ರನು ಅದೇ ಉಸಿರಿನಲ್ಲಿ ಸಾವಿರ ವರ್ಷ ಒಂದು ದಿನದಂತೆ ಎಂದೂ ಹೇಳಿದ್ದಾನಲ್ಲ! ಎರಡೂ ಕಡೆ ತಿರುಗುವ ಮಾತು ಅಳತೆಗೋಲು ಆಗುವುದಿಲ್ಲ. ದೇವರ ತಾಳ್ಮೆಯನ್ನು ನಮ್ಮ ಎಣಿಕೆಯಿಂದ ಅಳೆಯಬೇಡಿ ಎನ್ನಲು ಅವನು ಬರೆದದ್ದರಿಂದಲೇ ಎಣಿಕೆ ತೆಗೆದರೆ ಹೇಗೆ? ಅಮೆರಿಕದ ರೇಡಿಯೊ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ಇದೇ ವಚನದಿಂದ ಜಲಪ್ರಳಯದ ಏಳು ದಿನವನ್ನು 7000 ವರ್ಷ ಮಾಡಿ, ಪ್ರಳಯಕ್ಕೆ ಕ್ರಿ.ಪೂ. 4990 ಗೊತ್ತುಮಾಡಿ, 2011ರ ಮೇ 21ಕ್ಕೆ ಬಂದಿದ್ದರು. ಜನ ಕೂಡಿಟ್ಟ ಹಣವನ್ನು ಅದರ ಜಾಹೀರಾತು ಫಲಕಗಳಿಗೆ ಸುರಿದರು. 2012ರಲ್ಲಿ ಅವರೂ ತಪ್ಪೊಪ್ಪಿಕೊಂಡು ಪತ್ರ ಬರೆದರು. ಹಣ ಹಾಕಿದ ಮನೆಗಳಿಗೆ ಅದರಿಂದ ಏನೂ ಹಿಂತಿರುಗಲಿಲ್ಲ.

ನಮ್ಮ ನಾಡಿಗೆ ನೇರ ಸಂಬಂಧವಿರುವ ಒಂದು ವರ್ಷವನ್ನೂ ನೆನಪಿಸುತ್ತೇನೆ. ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ ಗ್ರೀಕ್ ಹೊಸ ಒಡಂಬಡಿಕೆಯ ಪಾಠ ಶೋಧಿಸಿದ ಮಹಾ ವಿದ್ವಾಂಸರು. ಅವರು ಪ್ರಕಟನೆಯ ಅವಧಿಗಳನ್ನು ಎಣಿಸಿ 1836ರ ಜೂನ್ 18ಕ್ಕೆ ತಂದಿದ್ದರು. ಬಾಸೆಲ್ ಮಿಷನ್ನಿಗೆ ಜನ ಕೊಟ್ಟದ್ದು ಅದೇ ಪ್ರಾಂತದ ಭಕ್ತ ಮನೆಗಳು. ಆ ಪ್ರಾಂತದವರೇ ಆದ ಹೆರ್ಮನ್ ಮೊಗ್ಲಿಂಗ್ ಮಂಗಳೂರಿಗೆ ಬಂದದ್ದು 1836ರಲ್ಲೇ. ಮಿಲ್ಲರ್ ಲೋಕಾಂತ್ಯಕ್ಕೆ ಗೊತ್ತುಮಾಡಿದ 1843ರಲ್ಲಿ ಅದೇ ಮೊಗ್ಲಿಂಗ್ “ಮಂಗಳೂರ ಸಮಾಚಾರ” ಹೊರಡಿಸಿದರು, ಕನ್ನಡದ ಮೊದಲ ಪತ್ರಿಕೆ. ಬೆಂಗೆಲ್ ಅವರ ತಾರೀಖು ದಾಟಿದ ಮೇಲೂ ಆ ಮಿಷನ್ನಿನ ಶಾಲೆ ನಡೆಯಿತು, ಅಚ್ಚುಕೂಟ ನಡೆಯಿತು, 1894ರಲ್ಲಿ ಕಿಟ್ಟೆಲ್ಲರ ನಿಘಂಟು ಬಂತು. ನಾವು ಇಂದು ಓದುವ ಕನ್ನಡ ಸತ್ಯವೇದದ ಹಿಂದೆಯೂ ಆ ದುಡಿಮೆ ಇದೆ.

ಹಾಗಾದರೆ ಈ ಅವಧಿಗಳನ್ನು ದೇವರು ಕೊಟ್ಟದ್ದು ಯಾಕೆ? ಸ್ಮುರ್ನದ ಸಭೆಗೆ ಬರೆದ ಪತ್ರ ನೋಡಿ (ಪ್ರಕಟನೆ 2:10): ಹತ್ತು ದಿನ ಸಂಕಟವಿರುವುದು. ಸೆರೆಮನೆಗೆ ಹೋಗಲಿರುವವನಿಗೆ ಬೇಕಾದದ್ದು ತಾರೀಖಲ್ಲ, ಇದಕ್ಕೆ ಕೊನೆ ಇದೆಯೇ ಎಂಬ ಮಾತು. ಅಂತಿಯೋಕಸನು ಕ್ರಿ.ಪೂ. 167ರ ಕಿಸ್ಲೇವ್ ತಿಂಗಳಲ್ಲಿ ದೇವಾಲಯ ಕೆಡಿಸಿದಾಗ, 164ರ ಕಿಸ್ಲೇವಿನಲ್ಲಿ ಅದು ಮತ್ತೆ ಪ್ರತಿಷ್ಠೆಯಾಗುವವರೆಗೆ ಸುಮಾರು ಮೂರು ವರ್ಷ. 2300 ಸಂಜೆ-ಮುಂಜಾನೆಗಳನ್ನು ದಿನದ ಎರಡು ಬಲಿಗಳೆಂದು ಓದಿದರೆ 1150 ದಿನ. ಹತ್ತಿರ ಬರುತ್ತದೆ, ಒಂದೂವರೆ ತಿಂಗಳಿನಷ್ಟು ವ್ಯತ್ಯಾಸ ಉಳಿಯುತ್ತದೆ. ಆ ಕಾಲದಲ್ಲಿ ದಾನಿಯೇಲನನ್ನು ಓದಿದವರು ಆ ವ್ಯತ್ಯಾಸಕ್ಕೆ ಗ್ರಂಥ ಎಸೆಯಲಿಲ್ಲ, ಪ್ರತಿಷ್ಠೆಯ ಹಬ್ಬ ಮಾಡಿದರು. ಕರ್ತನೂ ಆ ಹಬ್ಬದ ಕಾಲದಲ್ಲಿ ಯೆರೂಸಲೇಮಿನಲ್ಲಿದ್ದನೆಂದು ಯೋಹಾನ 10:22 ಹೇಳುತ್ತದೆ.

ಪ್ರಕಟನೆಯಲ್ಲೇ ಇನ್ನೊಂದು ಸಂಗತಿ ಇದೆ. ಈ ಚಾರ್ಟುಗಳಲ್ಲಿ ಅದು ಕಾಣುವುದಿಲ್ಲ. ಪರಿಶುದ್ಧ ಪಟ್ಟಣವನ್ನು ತುಳಿಯುವ ಅನ್ಯರಿಗೆ 42 ತಿಂಗಳು, ಮೃಗದ ಅಧಿಕಾರಕ್ಕೆ 42 ತಿಂಗಳು. ಸಾಕ್ಷಿಗಳಿಬ್ಬರು ಪ್ರವಾದಿಸುವುದು 1260 ದಿನ, ಅಡವಿಗೆ ಓಡಿದ ಸ್ತ್ರೀಯನ್ನು ದೇವರು ಪೋಷಿಸುವುದೂ 1260 ದಿನ. ಕಾಲ ಒಂದೇ. ಹಿಂಸಿಸುವವರಿಗೆ ತಿಂಗಳ ಲೆಕ್ಕ, ದೇವರ ಜನರಿಗೆ ದಿನದ ಲೆಕ್ಕ. ಅಡವಿಯಲ್ಲಿ ಮನ್ನವೂ ದಿನದಿನಕ್ಕೆ ಬಿತ್ತು, ನಾಳೆಗೆಂದು ಎತ್ತಿಟ್ಟದ್ದು ಹುಳಬಿತ್ತು. ದಿನಗೂಲಿಯ ಮೇಲೆ ಬದುಕುವ ವಿಶ್ವಾಸಿಗಳು ತುಂಬಿದ ನಮ್ಮ ಸಭೆಗಳಲ್ಲಿ ಈ ಒಂದು ಸಂಗತಿಯನ್ನು ಬೋಧಿಸಿದರೆ 1260 ಅನ್ನುವ ಸಂಖ್ಯೆ ಅವರ ಕೈಗೆ ಅನ್ನವಾಗಿ ಸಿಗುತ್ತದೆ.

“ದಿನವೂ ಗಳಿಗೆಯೂ ತಿಳಿಯದು ಎಂದಿದೆ, ವರ್ಷ ತಿಳಿಯದು ಎಂದಿಲ್ಲ” ಎಂಬ ಉತ್ತರ ನಿಮ್ಮಲ್ಲಿ ಕೆಲವರಿಂದ ಬರುತ್ತದೆ. ಅಪೊಸ್ತಲರ ಕೃತ್ಯಗಳು 1:7 ಓದಿ. ಕಾಲಗಳನ್ನೂ ಸಮಯಗಳನ್ನೂ ತಿಳಿಯುವುದು ನಿಮ್ಮ ಕೆಲಸವಲ್ಲ ಎಂದು ಕರ್ತನು ಹೇಳುವಾಗ ಅಲ್ಲಿರುವ ಗ್ರೀಕ್ ಪದಗಳಲ್ಲೊಂದು “ಕೈರೋಸ್”. ಪ್ರಕಟನೆ 12:14ರ ಒಂದುಕಾಲ ಎರಡುಕಾಲ ಅರ್ಧಕಾಲದಲ್ಲಿರುವುದೂ ಅದೇ ಪದ. ಯಾವ ಮಾತಿನಿಂದ ವರ್ಷ ತೆಗೆಯುತ್ತೀರೋ ಅದೇ ಮಾತಿಗೆ ಕರ್ತನು ಬೇಲಿ ಹಾಕಿದ್ದಾನೆ. ಎಚ್ಚರವಾಗಿರಿ ಎಂಬ ಆಜ್ಞೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಯಾವಾಗ ಬರುತ್ತಾನೆಂದು ಗೊತ್ತಿಲ್ಲದ್ದರಿಂದಲೇ ಎಚ್ಚರವಾಗಿರಿ ಎಂದು ಮಾರ್ಕ 13 ಹೇಳುತ್ತದೆ.

ನನ್ನ ಬೇಡಿಕೆಗಳು ಇವು. ವೇದಿಕೆಯಿಂದ ಯಾವ ವರ್ಷವನ್ನೂ ಘೋಷಿಸಬೇಡಿ, “ಸುಮಾರು” ಎಂಬ ಮಾತು ಸೇರಿಸಿಕೊಂಡೂ ಬೇಡಿ. ಚಾರ್ಟು ಹಾಕಲೇಬೇಕೆಂದಿದ್ದರೆ ಅದರ ಮೇಲೆ ಲೆಕ್ಕವನ್ನೂ ಬರೆಯಿರಿ: ಎಲ್ಲಿಂದ ಎಣಿಸಿದಿರಿ, ಉಳಿದ ಆರಂಭಗಳನ್ನು ಯಾಕೆ ಬಿಟ್ಟಿರಿ, ದಿನವನ್ನು ವರ್ಷ ಮಾಡಿದ್ದಕ್ಕೆ ಆ ಅಧ್ಯಾಯದಲ್ಲೇ ಆಧಾರವಿದೆಯೇ, ವರ್ಷಕ್ಕೆ ಎಷ್ಟು ದಿನ ಹಿಡಿದಿರಿ, ಸೊನ್ನೆ ದಾಟುವಾಗ ಒಂದು ಸೇರಿಸಿದಿರಾ. ಒಂದು ಅವಧಿ ಮತ್ತು ಇನ್ನೊಂದರ ನಡುವೆ ಎರಡು ಸಾವಿರ ವರ್ಷದ ಬಿಡುವು ಇಟ್ಟಿದ್ದರೆ ಅದು ವಚನದಲ್ಲಿಲ್ಲ, ನಾವು ಇಟ್ಟದ್ದು ಎಂದು ಹೇಳಿ. ಈ ಗ್ರಂಥಗಳನ್ನು ಮೊದಲ ಶತಮಾನಕ್ಕೆ ಓದುವವರು, ಸಭೆಯ ಇಡೀ ಚರಿತ್ರೆಗೆ ಹರಡಿ ಓದುವವರು, ಮುಂದೆ ಬರುವ ಏಳು ವರ್ಷಕ್ಕೆ ಓದುವವರು, ಎಲ್ಲ ಕಾಲಕ್ಕೂ ಸಲ್ಲುವ ಚಿತ್ರವೆಂದು ಓದುವವರು ಎಲ್ಲರೂ ಕರ್ತನನ್ನು ಪ್ರೀತಿಸುವವರೇ ಎಂಬುದನ್ನು ಸಭೆಗೆ ತಿಳಿಸಿ.

ಕಡೇ ಕಾಲದ ಬೋಧನೆ ನಡೆದ ಕೂಟದಲ್ಲಿ ಅದೇ ಸಂಜೆ ವಿಶೇಷ ಕಾಣಿಕೆ ಎತ್ತಬೇಡಿ. ಭಯದಿಂದ ಬಿಚ್ಚಿದ ಬಳೆ ಕಾಣಿಕೆಯಲ್ಲ. ಓದು, ಮದುವೆ, ಚಿಕಿತ್ಸೆ, ಸಾಲದ ವಿಷಯ ಕೇಳಲು ಬಂದವರಿಗೆ ಚಾರ್ಟು ತೋರಿಸಬೇಡಿ. ಕರ್ತನ ದಿನ ಬಂದೇಬಿಟ್ಟಿತೆಂದು ಕಳವಳಪಟ್ಟ ಥೆಸಲೋನಿಕದವರಿಗೆ ಪೌಲನು ಅದೇ ಪತ್ರದಲ್ಲಿ ಕೆಲಸ ಮಾಡಿ ಉಣ್ಣಿರಿ ಎಂದು ಬರೆದದ್ದನ್ನು ತೆರೆದು ಓದಿಸಿ.

ಪ್ರಾಂಶುಪಾಲರಲ್ಲಿ ಒಂದು ವಿನಂತಿ. ಹಳ್ಳಿಗಳಲ್ಲಿ ಸೇವೆ ಮಾಡುವ ಸುವಾರ್ತಿಕರಲ್ಲಿ ಬಹಳ ಮಂದಿಗೆ ಕಾಲೇಜಿನ ಮೆಟ್ಟಿಲು ಹತ್ತುವ ಅವಕಾಶ ಸಿಕ್ಕಿಲ್ಲ. ಅವರ ಕೈಗೆ ಸಿಗುವುದು ಬೇರೆ ಭಾಷೆಯಿಂದ ಇಳಿಸಿದ ಚಾರ್ಟೇ. ದಾನಿಯೇಲ ಮತ್ತು ಪ್ರಕಟನೆಗೆ ಕನ್ನಡದಲ್ಲಿ ಒಂದು ವಾರದ ತರಬೇತಿ ನಡೆಸಿ, ಪ್ರಯಾಣದ ಖರ್ಚು ಕೊಟ್ಟು ಅವರನ್ನು ಕರೆಸಿ. ಅರ್ತಷಸ್ತನ ಏಳನೆಯ ವರ್ಷ 458 ಹೇಗೆ, 457 ಹೇಗೆ ಎಂಬುದನ್ನು ಬೋರ್ಡಿನ ಮೇಲೆ ಅವರ ಕೈಯಿಂದಲೇ ಮಾಡಿಸಿ.

ಕೊನೆಯ ಬೇಡಿಕೆ 2028 ಅಥವಾ 2033 ಎಂದು ಈಗಾಗಲೇ ಹೇಳಿರುವವರಿಗೆ. ಈ ಭಾನುವಾರವೇ ಅದನ್ನು ಹಿಂತೆಗೆದುಕೊಳ್ಳಿ. ಮನಸ್ಸು ಒಪ್ಪದಿದ್ದರೆ, ಆ ವರ್ಷ ದಾಟಿದ ಮರುವರ್ಷದ ಜನವರಿಯ ಮೊದಲ ಭಾನುವಾರ ಅದೇ ವೇದಿಕೆಯ ಮೇಲೆ, ಅದೇ ಜನರ ಮುಂದೆ ನಿಂತು ನಿಮ್ಮ ಲೆಕ್ಕದಲ್ಲಿ ಎಲ್ಲಿ ತಪ್ಪಿತೆಂದು ವಿವರಿಸುವುದಾಗಿ ಇಂದೇ ಬರೆದು ಸಭೆಯ ಹಿರಿಯರ ಕೈಗೆ ಕೊಡಿ.

ಇಂತಿ,
ಕರ್ತನಲ್ಲಿ ನಿಮ್ಮ ಸಹೋದರ,
ಸಭೆಯೊಂದರ ಸತ್ಯವೇದ ಅಧ್ಯಯನ ತರಗತಿಯ ಬೋಧಕ